ಹುಡುಗರ ಕ್ಯಾಂಪ್‌ನಲ್ಲಿ ‘ಲೀಡರ್’ ಹುಟ್ಟೋದು ಹೇಗೆ? ಗ್ಲಾಸ್ಗೋದಿಂದ ಹುಬ್ಬಳ್ಳಿವರೆಗೆ ಒಂದು ಸುತ್ತು

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಒಂದು ಸನ್ನಿವೇಶ ಊಹಿಸ್ಕೊಳ್ಳಿ. ಊರು ಅಥಣಿ ತಾಲ್ಲೂಕಿನ ಕೊಕಟನೂರ. ಎಂಟನೇ ಕ್ಲಾಸಿನ ಹುಡುಗ ಸಾಲಿಯಿಂದ ಬಂದವನೇ ಹೇಳ್ತಾನೆ: “ಅವ್ವಾ, ನಾ ಲೀಡರ್‌ಶಿಪ್ ಕ್ಯಾಂಪಿಗೆ ಹೋಗ್ತೀನಿ. ನಾಕ್ ದಿವಸ. ಟೆಂಟ್‌ನ್ಯಾಗ ಇರೋದು.” ಮನೆಯಲ್ಲಿ ತಕ್ಷಣ ಮೂರು ಪ್ರಶ್ನೆ ಏಳ್ತಾವೆ. ಅವ್ವ ಕೇಳ್ತಾಳೆ, “ಅಲ್ಲಿ ಏನ್ ಕಲಸ್ತಾರ?” ಅಪ್ಪ ಕೇಳ್ತಾನೆ, “ರಾತ್ರಿ ಯಾರ್ ನೋಡ್ಕೋತಾರ?” ಮೂಲೆಯಲ್ಲಿ ಕೂತ ಅಜ್ಜ ಕೇಳ್ತಾನೆ, “ಅದು ಯಾರದ್ದು? ಯಾವ ಧರ್ಮದವರ್ದು?”

ಮೂರೂ ಒಳ್ಳೆ ಪ್ರಶ್ನೆಗಳೇ. ಇವತ್ತಿನ ಸಂಚಿಕೆಯಲ್ಲಿ ಮೂರಕ್ಕೂ ಉತ್ತರ ಹುಡುಕೋಣ. ಹುಡುಗರನ್ನ ಬಯಲಿಗೆ ಕರ್ಕೊಂಡು ಹೋಗಿ ನಾಯಕತ್ವ ಕಲಿಸೋ ಈ ಪದ್ಧತಿ ಶುರುವಾಗಿದ್ದು ಕ್ರೈಸ್ತ ಯುವ ಸಂಘಟನೆಗಳಲ್ಲಿ. ಅಲ್ಲಿಂದ ಅದು ಬೆಂಗಳೂರಿಗೆ ಬಂತು. ಆಮೇಲೆ ಹುಬ್ಬಳ್ಳಿಯಲ್ಲಿ ಬೇರೆಯದೇ ರೂಪ ತಗೊಂಡು ನಮ್ಮ ಬೆಳಗಾವಿ ಜಿಲ್ಲೆಗೂ ಬಂತು. ಈ ದಾರಿಯುದ್ದಕ್ಕೂ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗತ್ತೆ: ಜವಾಬ್ದಾರಿ ಕೊಡೋವಷ್ಟು ನಂಬಿಕೆ ಯಾವ ಹುಡುಗನ ಮೇಲೆ ಇಡ್ತೀವಿ?

ಶುರುವಾಗಿದ್ದು ಬೋರ್ ಹೊಡೆದ ಹುಡುಗರಿಂದ

ವರ್ಷ 1883. ಜಾಗ ಸ್ಕಾಟ್ಲೆಂಡ್‌ನ ಗ್ಲಾಸ್ಗೋ. ವಿಲಿಯಂ ಅಲೆಕ್ಸಾಂಡರ್ ಸ್ಮಿತ್ ಅನ್ನೋ ಯುವ ವ್ಯಾಪಾರಿ ಭಾನುವಾರ ಚರ್ಚಿನ ಸಂಡೇ ಸ್ಕೂಲ್‌ನಲ್ಲಿ ಪಾಠ ಮಾಡ್ತಿದ್ದ. ಬಿಡುವಿನ ವೇಳೆಯಲ್ಲಿ ಸ್ವಯಂಸೇವಕ ಸೈನ್ಯದಲ್ಲಿ ಅಧಿಕಾರಿ ಕೂಡ ಆಗಿದ್ದ. ಸಂಡೇ ಸ್ಕೂಲ್‌ನಲ್ಲಿ ಹದಿಮೂರು ಹದಿನಾಲ್ಕು ವರ್ಷದ ಹುಡುಗರು ಸುಮ್ಮನೆ ಕೂರ್ತಿರಲಿಲ್ಲ. ಗಲಾಟೆ, ಕೀಟಲೆ, ಕೊನೆಗೆ ಬರೋದನ್ನೇ ಬಿಡೋದು. ಇದೇ ಹುಡುಗರು ಬ್ಯಾಂಡ್, ಕವಾಯತು, ಆಟ ಅಂದ್ರೆ ಓಡಿ ಬರ್ತಾರಲ್ಲ ಅಂತ ಸ್ಮಿತ್‌ಗೆ ಹೊಳೀತು.

1883ರ ಅಕ್ಟೋಬರ್ 4ರಂದು ಅವನು ‘ಬಾಯ್ಸ್ ಬ್ರಿಗೇಡ್’ ಶುರು ಮಾಡಿದ. ಕವಾಯತು, ವ್ಯಾಯಾಮ, ಪ್ರಾರ್ಥನೆ, ಬೈಬಲ್ ಪಾಠ ಎಲ್ಲಾ ಒಂದೇ ಕಡೆ. ಉದ್ದೇಶ ಕ್ರೈಸ್ತ ನಂಬಿಕೆ ಬೆಳೆಸೋದು, ಜೊತೆಗೆ ಶಿಸ್ತು ಮತ್ತು ಸ್ವಾಭಿಮಾನ. ಇದನ್ನ ಅವನು ಮುಚ್ಚಿಡಲೂ ಇಲ್ಲ.

ಆದರೆ ಒಂದು ಸಮಸ್ಯೆ ಇತ್ತು. ಬೇಸಿಗೆ ರಜೆ ಬಂತು ಅಂದ್ರೆ ಹುಡುಗರು ಕೈತಪ್ಪಿ ಹೋಗ್ತಿದ್ದರು. ಅದಕ್ಕೇ 1886ರ ಜುಲೈನಲ್ಲಿ ಹುಡುಗರನ್ನ ಟೈನಬ್ರುವಾಕ್ ಅನ್ನೋ ಕಡಲ ದಂಡೆಯ ಹಳ್ಳಿಗೆ ಒಂದು ವಾರ ಕರ್ಕೊಂಡು ಹೋದ. ಅದು ಬ್ರಿಗೇಡ್‌ನ ಮೊದಲ ಕ್ಯಾಂಪ್. ಹೊಗೆ ತುಂಬಿದ ಕಾರ್ಖಾನೆ ಊರಿನ ಹುಡುಗರಿಗೆ ಸಮುದ್ರ, ಗಾಳಿ, ಜೊತೆಗಾರರು, ತಮ್ಮ ಕೆಲಸ ತಾವೇ ಮಾಡ್ಕೊಳ್ಳೋ ಏಳು ದಿನ. ಹೆಚ್ಚುಕಮ್ಮಿ ಇದೇ ಹೊತ್ತಿಗೆ, 1885ರಲ್ಲಿ, ಅಮೆರಿಕದಲ್ಲಿ ವೈಎಂಸಿಎ ಕೂಡ ಹುಡುಗರ ಕ್ಯಾಂಪ್ ಶುರು ಮಾಡಿತ್ತು. ವೈಎಂಸಿಎ ಅಂದ್ರೆ 1844ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಕ್ರೈಸ್ತ ಯುವಕರ ಸಂಘ.

ಸ್ಮಿತ್‌ನ ಬ್ರಿಗೇಡ್ ಬೇಗ ಬೆಳೀತು. ಟೀಕೆಯೂ ಬಂತು. ಹುಡುಗರ ಕೈಲಿ ಕಟ್ಟಿಗೆಯ ನಕಲಿ ಬಂದೂಕು ಕೊಟ್ಟು ಕವಾಯತು ಮಾಡಿಸ್ತೀರಲ್ಲ, ಇದು ಸೈನಿಕರನ್ನ ತಯಾರು ಮಾಡೋ ಕಾರ್ಖಾನೆನಾ ಅಂತ ಜನ ಕೇಳಿದರು. ಆ ಟೀಕೆಯಲ್ಲಿ ಹುರುಳಿತ್ತು. ಕವಾಯತು ಕಲಿಸೋದು ಮುಖ್ಯವಾಗಿ ಹೇಳಿದ್ದು ಕೇಳೋದನ್ನ. “ಎಡಕ್ಕೆ ತಿರುಗು” ಅಂದ್ರೆ ತಿರುಗೋದು. ಅದರಿಂದ ಶಿಸ್ತು ಬರತ್ತೆ, ಸರಿ. ನಾಯಕತ್ವ ಬರತ್ತಾ? ಅದಕ್ಕೆ ಇನ್ನೊಂದು ಹೆಜ್ಜೆ ಬೇಕಿತ್ತು.

ಒಂದು ದ್ವೀಪ, ನಾಲ್ಕು ಗುಂಪು

ಆ ಹೆಜ್ಜೆ ಇಟ್ಟವನು ರಾಬರ್ಟ್ ಬೇಡನ್ ಪೊವೆಲ್. ಬ್ರಿಟಿಷ್ ಸೇನೆಯ ಅಧಿಕಾರಿ. ಭಾರತದಲ್ಲೂ ಕೆಲಸ ಮಾಡಿದವನು. 1897ರಿಂದ 1899ರವರೆಗೆ ಮೀರತ್‌ನಲ್ಲಿದ್ದಾಗ ಸೈನಿಕರನ್ನ ಚಿಕ್ಕ ಚಿಕ್ಕ ಗುಂಪು ಮಾಡಿ, ದಾರಿ ಹುಡುಕೋದು, ಸುಳಿವು ಗಮನಿಸೋದು, ಸ್ವಂತ ಬುದ್ಧಿಯಿಂದ ನಿರ್ಧಾರ ಮಾಡೋದು ಕಲಿಸ್ತಿದ್ದ. ಆಮೇಲೆ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಪಟ್ಟಣಕ್ಕೆ ಶತ್ರುಗಳು 217 ದಿನ ಮುತ್ತಿಗೆ ಹಾಕಿದಾಗ, ಊರಿನ ಚಿಕ್ಕ ಹುಡುಗರು ಸೈಕಲ್ ಮೇಲೆ ಪತ್ರ, ಸಂದೇಶ ಮುಟ್ಟಿಸೋ ಕೆಲಸ ಮಾಡಿದ್ದನ್ನ ನೋಡಿದ. ಹುಡುಗರಿಗೆ ನಿಜವಾದ ಕೆಲಸ ಕೊಟ್ಟರೆ ಅವರು ನಿಜವಾಗಿ ಮಾಡ್ತಾರೆ ಅನ್ನೋ ಮಾತು ಅವನ ತಲೇಲಿ ಕೂತಿತು.

1904ರಲ್ಲಿ ಬಾಯ್ಸ್ ಬ್ರಿಗೇಡ್‌ನ 21ನೇ ವರ್ಷದ ಸಮಾರಂಭಕ್ಕೆ ಅವನು ಗ್ಲಾಸ್ಗೋಗೆ ಹೋಗಿದ್ದ. ಸಾವಿರಾರು ಹುಡುಗರ ಕವಾಯತು ನೋಡಿದ, ಮೆಚ್ಚಿದ. ಆದರೆ ಇದರಲ್ಲಿ ಇನ್ನೂ ವೈವಿಧ್ಯ ಬೇಕು ಅಂತ ಅವನಿಗೆ ಅನ್ನಿಸ್ತು. ಸೈನಿಕರಿಗೆ ಬರೆದ ನಿನ್ನ ಪುಸ್ತಕವನ್ನ ಹುಡುಗರಿಗೆ ಹೊಂದೋ ಹಾಗೆ ಮತ್ತೆ ಬರಿ ಅಂತ ಒತ್ತಾಯ ಮಾಡಿದ್ದು ಇದೇ ಸ್ಮಿತ್.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡ್‌ನ ಬ್ರೌನ್ಸೀ ದ್ವೀಪದಲ್ಲಿ ಪ್ರಯೋಗ ನಡೀತು. ಸುಮಾರು ಇಪ್ಪತ್ತು ಹುಡುಗರು. ಅರ್ಧದಷ್ಟು ಜನ ಶ್ರೀಮಂತರ ದೊಡ್ಡ ಶಾಲೆಗಳವರು. ಉಳಿದವರು ಪೂಲ್ ಮತ್ತು ಬೋರ್ನ್‌ಮತ್ ಊರುಗಳ ಬಾಯ್ಸ್ ಬ್ರಿಗೇಡ್‌ನವರು, ದುಡಿಯೋ ಜನರ ಮಕ್ಕಳು. ಎಲ್ಲರನ್ನೂ ಬೆರೆಸಿ ನಾಲ್ಕು ಗುಂಪು ಮಾಡಿದರು: ತೋಳ, ಗೂಳಿ, ಕಡಲಹಕ್ಕಿ, ಕಾಗೆ. ಪ್ರತಿ ಗುಂಪಿಗೆ ಒಬ್ಬ ಹುಡುಗನೇ ನಾಯಕ. ಗುಂಪಿನ ಜವಾಬ್ದಾರಿ ಪೂರ್ತಿ ಅವನದೇ.

ಸ್ಕೌಟ್ಸ್‌ನಲ್ಲಿ ಈ ಗುಂಪಿಗೆ ‘ಪೆಟ್ರೋಲ್’ ಅಂತಾರೆ. ಬಂಕ್‌ನಲ್ಲಿ ಸಿಗೋದಲ್ಲ! ಆರರಿಂದ ಎಂಟು ಹುಡುಗರ ಚಿಕ್ಕ ತಂಡ. ಮೊದಲ ಪ್ರಶ್ನೆಗೆ, ಅಂದ್ರೆ “ಏನ್ ಕಲಸ್ತಾರ?” ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಕ್ಯಾಂಪ್ ಒಳಗೆ ನಿಜವಾಗಿ ಏನು ನಡೆಯತ್ತೆ?

ಹಗ್ಗಕ್ಕೆ ಗಂಟು ಹಾಕೋದು, ಟೆಂಟ್ ಕಟ್ಟೋದು, ದಿಕ್ಸೂಚಿ ನೋಡೋದು, ಗಾಯಕ್ಕೆ ಪಟ್ಟಿ ಕಟ್ಟೋದು. ಇವೆಲ್ಲ ಕಲಿಸ್ತಾರೆ. ಆದರೆ ಇವನ್ನ ಯೂಟ್ಯೂಬ್ ನೋಡಿನೂ ಕಲೀಬಹುದು. ಕ್ಯಾಂಪ್‌ನಲ್ಲಿ ಮಾತ್ರ ಸಿಗೋದು ಬೇರೆ ಇದೆ.

ಉದಾಹರಣೆಗೆ ಅಡುಗೆ ತಗೊಳ್ಳಿ. ಒಂದು ಗುಂಪಿಗೆ ಅಕ್ಕಿ, ಬೇಳೆ, ಈರುಳ್ಳಿ, ಎಣ್ಣೆ, ಕಟ್ಟಿಗೆ ಕೊಡ್ತಾರೆ. ಮಧ್ಯಾಹ್ನ ಒಂದು ಗಂಟೆಗೆ ಊಟ ಆಗಬೇಕು. ಅಷ್ಟೇ ಸೂಚನೆ. ಈಗ ನಾಯಕನಾದ ಹದಿನಾಲ್ಕು ವರ್ಷದ ಹುಡುಗ ಏನ್ ಮಾಡ್ತಾನೆ? ಯಾರು ಒಲೆ ಹಚ್ಚಬೇಕು, ಯಾರು ನೀರು ತರಬೇಕು, ಯಾರು ಹೆಚ್ಚಬೇಕು ಅಂತ ಹಂಚಬೇಕು. ಒಬ್ಬ ಕೆಲಸ ಮಾಡದೆ ಕೂತ್ಕೋತಾನೆ, ಅವನ ಜೊತೆ ಮಾತಾಡಬೇಕು. ಇನ್ನೊಬ್ಬ ಎಲ್ಲಾ ತಾನೇ ಮಾಡ್ತೀನಿ ಅಂತಾನೆ, ಅವನನ್ನ ತಡೀಬೇಕು. ಅನ್ನ ಸೀದು ಹೋದ್ರೆ ಎಲ್ಲರೂ ಅದನ್ನೇ ತಿನ್ನಬೇಕು. ಬೈದು ಪ್ರಯೋಜನ ಇಲ್ಲ, ಯಾಕಂದ್ರೆ ಸಂಜೆಗೆ ಮತ್ತೆ ಇದೇ ಗುಂಪು, ಇದೇ ಒಲೆ.

ನಮ್ಮ ಕಡೆಯವರಿಗೆ ಇದನ್ನ ಹೀಗೆ ಹೇಳಬಹುದು. ಕಬ್ಬು ಕಡಿಯೋ ಗ್ಯಾಂಗ್‌ಗೆ ಒಬ್ಬ ಮುಕಾದಮ ಇರ್ತಾನೆ. ಇಡೀ ಗ್ಯಾಂಗ್‌ನ ಕೆಲಸಕ್ಕೆ ಅವನೇ ಹೊಣೆ. ಪೆಟ್ರೋಲ್ ಲೀಡರ್‌ನೂ ಹೊಣೆ ಹೊರ್ತಾನೆ, ಆದರೆ ಅವನ ಕೈಲಿ ಹಣ ಇಲ್ಲ, ಮುಂಗಡ ಇಲ್ಲ, ಕೆಲಸದಿಂದ ತೆಗೆಯೋ ಅಧಿಕಾರ ಇಲ್ಲ. ಅವನ ಓರಗೆಯವರು ಅವನ ಮಾತು ಕೇಳಬೇಕು ಅಂದ್ರೆ ಅವನು ಮೊದಲು ಅವರ ಮಾತು ಕೇಳಬೇಕು, ಕೆಟ್ಟ ಕೆಲಸಕ್ಕೆ ತಾನೇ ಮೊದಲು ಕೈ ಹಾಕಬೇಕು. ಪಾತ್ರೆ ತಿಕ್ಕೋದು, ಚರಂಡಿ ತೋಡೋದು ಆ ಪಟ್ಟಿಯಲ್ಲಿ ಬರ್ತಾವೆ.

ಗುಂಪಿನ ಉಳಿದವರಿಗೂ ಪಾತ್ರ ಇರತ್ತೆ. ಒಬ್ಬ ಉಪನಾಯಕ, ಒಬ್ಬ ಸಾಮಾನಿನ ಲೆಕ್ಕ ಇಡೋನು, ಒಬ್ಬ ಪ್ರಥಮ ಚಿಕಿತ್ಸೆ ಡಬ್ಬಿ ನೋಡ್ಕೊಳ್ಳೋನು, ಒಬ್ಬ ದಿನದ ವರದಿ ಬರೆಯೋನು. ಸಂಜೆ ಎಲ್ಲಾ ನಾಯಕರ ಸಭೆ ಕೂಡತ್ತೆ. ಇವತ್ತು ಏನು ಸರಿ ಆಯ್ತು, ಏನು ತಪ್ಪಾಯ್ತು, ನಾಳೆ ಏನು ಬದಲಾಯಿಸಬೇಕು ಅಂತ ಮಾತಾಡ್ತಾರೆ. ಒಳ್ಳೆ ಕ್ಯಾಂಪ್‌ನಲ್ಲಿ ದೊಡ್ಡವರು ಈ ಸಭೆಯಲ್ಲಿ ಕಮ್ಮಿ ಮಾತಾಡ್ತಾರೆ. ರಾತ್ರಿ ಕ್ಯಾಂಪ್‌ಫೈರ್, ಹಾಡು, ನಾಟಕ. ಸ್ಟೇಜ್ ಅಂದ್ರೆ ನಡುಗೋ ಹುಡುಗನೂ ಅಲ್ಲಿ ಬಾಯಿ ಬಿಡ್ತಾನೆ.

ಈ ‘ಮಾಡು, ಆಮೇಲೆ ಕೂತು ಯೋಚಿಸು’ ಅನ್ನೋ ಕ್ರಮವನ್ನೇ ಹಿಡಿದು ಮುಂದೆ ದೊಡ್ಡ ಸಂಸ್ಥೆಗಳು ಬೆಳೆದವು. 1919ರಲ್ಲಿ ಲಂಡನ್ ಹತ್ತಿರದ ಗಿಲ್ವೆಲ್ ಪಾರ್ಕ್‌ನಲ್ಲಿ ಸ್ಕೌಟ್ ಶಿಕ್ಷಕರಿಗೇ ತರಬೇತಿ ಶುರುವಾಯ್ತು. ಅಲ್ಲಿ ಶಿಕ್ಷಕರೂ ಪೆಟ್ರೋಲ್‌ಗಳಾಗಿ ಬದುಕಿ, ತಾವೇ ಅಡುಗೆ ಮಾಡಿ ಕಲೀಬೇಕು. 1941ರಲ್ಲಿ ಕುರ್ಟ್ ಹಾನ್ ಮತ್ತು ಜೊತೆಗಾರರು ವೇಲ್ಸ್‌ನಲ್ಲಿ ‘ಔಟ್‌ವರ್ಡ್ ಬೌಂಡ್’ ಶುರು ಮಾಡಿದ್ದೂ ಬಯಲಿನ ಕಷ್ಟವನ್ನೇ ಪಾಠಶಾಲೆ ಮಾಡ್ಕೊಂಡು.

ಬೆಂಗಳೂರಿಗೆ ಬಂತು, ಆದರೆ ಯಾರಿಗೆ?

ಈಗ ನಮ್ಮ ನಾಡಿಗೆ ಬರೋಣ. ಭಾರತದ ಮೊದಲ ಸ್ಕೌಟ್ ದಳ ಶುರುವಾಗಿದ್ದು ಬೆಂಗಳೂರಲ್ಲಿ, 1909ರಲ್ಲಿ. ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಅನ್ನೋರು ಶುರು ಮಾಡಿದರು. ಅಂದ್ರೆ ಬ್ರೌನ್ಸೀ ಕ್ಯಾಂಪ್ ಆಗಿ ಎರಡೇ ವರ್ಷಕ್ಕೆ, ಅದೂ ಒಂದು ಕ್ರೈಸ್ತ ಶಾಲೆಯಲ್ಲಿ.

ಆದರೆ ಆ ದಳ ಎಲ್ಲರಿಗೂ ಇರಲಿಲ್ಲ. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಭಾರತೀಯ ಹುಡುಗರಿಗೆ ಬಾಗಿಲು ಮುಚ್ಚಿತ್ತು. ಕಾರಣ ಊಹಿಸೋದು ಕಷ್ಟ ಅಲ್ಲ. ನಕ್ಷೆ ಓದೋದು, ಗುಂಪು ಕಟ್ಟೋದು, ನಾಯಕತ್ವ ವಹಿಸೋದು, ಇದನ್ನೆಲ್ಲ ಆಳಿಸ್ಕೊಳ್ಳೋ ಜನರ ಮಕ್ಕಳಿಗೆ ಕಲಿಸಿದ್ರೆ ಆಳೋರಿಗೆ ಕಷ್ಟ. ಹುಡುಗರನ್ನ ನಂಬಬೇಕು ಅಂತ ಹೇಳಿದ ಚಳವಳಿಯೇ ಇಲ್ಲಿಯ ಹುಡುಗರನ್ನ ನಂಬಲಿಲ್ಲ.

ನಮ್ಮವರು ಸುಮ್ಮನೆ ಕೂರಲಿಲ್ಲ. 1916ರಲ್ಲಿ ಆನಿ ಬೆಸೆಂಟ್ ಮದ್ರಾಸ್‌ನಲ್ಲಿ ಭಾರತೀಯ ಹುಡುಗರಿಗಾಗಿಯೇ ಸ್ಕೌಟ್ ಸಂಘ ಕಟ್ಟಿದರು. 1917ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸ್ಕೌಟ್ ಚಳವಳಿ ಶುರುವಾಯ್ತು. ಉತ್ತರ ಭಾರತದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು ಅವರು ಸೇವಾ ಸಮಿತಿ ಸ್ಕೌಟ್ಸ್ ಶುರು ಮಾಡಿದರು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದು ಎಲ್ಲರನ್ನೂ ಒಂದು ಮಾಡೋಕೆ ನೋಡಿದರೂ ಪೂರ್ತಿ ಆಗಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಇವೆಲ್ಲ ಸೇರಿ ‘ಭಾರತ್ ಸ್ಕೌಟ್ಸ್’ ಆಯ್ತು. ಮುಂದಿನ ವರ್ಷ ಗೈಡ್ಸ್ ಸೇರ್ಕೊಂಡು ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’. ದೊಡ್ಡಬಳ್ಳಾಪುರದಲ್ಲಿರೋ ರಾಜ್ಯ ತರಬೇತಿ ಕೇಂದ್ರಕ್ಕೆ ಆನಿ ಬೆಸೆಂಟ್ ಅವರ ಹೆಸರೇ ಇದೆ.

ಹುಬ್ಬಳ್ಳಿಯ ಡಾಕ್ಟರ್ ಮಾಡಿದ್ದು

ಉತ್ತರ ಕರ್ನಾಟಕದಲ್ಲಿ ಇದೇ ಹೊತ್ತಿಗೆ ಇನ್ನೊಂದು ದಾರಿ ತೆರೆದುಕೊಳ್ತು. ಅದನ್ನ ತೆರೆದವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಅಮೆರಿಕದಲ್ಲಿ ಓದಿದವರು. ಅಲ್ಲಿ ಲಾಲಾ ಲಜಪತ್ ರಾಯ್ ಅವರ ಜೊತೆ ಕೆಲಸ ಮಾಡಿ, 1921ರಲ್ಲಿ ಊರಿಗೆ ವಾಪಸ್ ಬಂದರು.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೀತು. ಜೈಲು ಸೇರಿದವರಲ್ಲಿ ಎಷ್ಟೋ ಜನ ಅಲ್ಲಿಯ ಕಷ್ಟ ತಾಳದೆ ಕ್ಷಮೆ ಬರೆದುಕೊಟ್ಟು ಹೊರಗೆ ಬಂದರು. ಹರ್ಡೀಕರ್ ಅವರ ಹುಬ್ಬಳ್ಳಿ ಸೇವಾ ಮಂಡಳದ ಹುಡುಗರು ಬರೆದುಕೊಡಲಿಲ್ಲ. ಅವರಿಗೆ ಇವರಿಗೆ ವ್ಯತ್ಯಾಸ ಎಲ್ಲಿತ್ತು? ತರಬೇತಿಯಲ್ಲಿ. ಇದನ್ನ ದೇಶದ ನಾಯಕರೂ ಗಮನಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ‘ಹಿಂದೂಸ್ತಾನಿ ಸೇವಾದಳ’ ಕಟ್ಟೋ ತೀರ್ಮಾನ ಆಯ್ತು. ಮೊದಲ ಅಧ್ಯಕ್ಷ ಜವಾಹರಲಾಲ್ ನೆಹರು.

ಮರುವರ್ಷವೇ ಪರೀಕ್ಷೆ ಬಂತು. 1924ರ ಡಿಸೆಂಬರ್, ಬೆಳಗಾವಿ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಸಾವಿರಾರು ಜನರ ವಸತಿ, ನೀರು, ಸ್ವಚ್ಛತೆ, ದಾರಿ ತೋರಿಸೋದು, ಇದೆಲ್ಲ ಸ್ವಯಂಸೇವಕರ ಹೆಗಲ ಮೇಲೆ. ಉಮಾಬಾಯಿ ಕುಂದಾಪುರ ಅವರು ಮಹಿಳಾ ಸ್ವಯಂಸೇವಕರ ದಳ ಕಟ್ಟಿ ನಿಲ್ಲಿಸಿದರು. ವಿಧವೆಯರಿಗೂ ಅದರಲ್ಲಿ ಜಾಗ ಇತ್ತು. ಆ ಕಾಲದಲ್ಲಿ ಅದು ದೊಡ್ಡ ಮಾತು.

ನೋಡಿ, ಡೇರೆ, ಕವಾಯತು, ಶಿಬಿರ, ಗುಂಪಿನ ನಾಯಕ, ಇದೆಲ್ಲ ಗ್ಲಾಸ್ಗೋದಲ್ಲೂ ಇತ್ತು, ಇಲ್ಲೂ ಇತ್ತು. ಬದಲಾಗಿದ್ದು ಉದ್ದೇಶ. 1929ರಲ್ಲಿ ಹರ್ಡೀಕರ್ ಅವರು ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯ ಧಾಮ ಕಟ್ಟಿದರು. ಇವತ್ತಿಗೂ ನಮ್ಮ ಶಾಲೆಗಳಲ್ಲಿ ಭಾರತ ಸೇವಾದಳದ ಶಾಖೆಗಳಿವೆ, ಮಕ್ಕಳ ಭಾವೈಕ್ಯತಾ ಮೇಳ ನಡೀತಾವೆ. ನಿಮ್ಮಲ್ಲಿ ಕೆಲವರು ಬಿಳಿ ಅಂಗಿ ಹಾಕ್ಕೊಂಡು ಅದರಲ್ಲಿ ನಿಂತಿರಲೂಬಹುದು.

“ಯಾವ ಧರ್ಮದವರ್ದು?”

ಅಜ್ಜನ ಪ್ರಶ್ನೆಗೆ ಬರೋಣ. ಇವತ್ತಿಗೂ ಕ್ರೈಸ್ತ ಸಂಘಟನೆಗಳು ನಡೆಸೋ ಹುಡುಗರ ಕಾರ್ಯಕ್ರಮಗಳಿವೆ. ಬಾಯ್ಸ್ ಬ್ರಿಗೇಡ್ ಇದೆ, ವೈಎಂಸಿಎ ಇದೆ. ‘ರಾಯಲ್ ರೇಂಜರ್ಸ್’ ಅನ್ನೋದು ಇನ್ನೊಂದು. 1962ರಲ್ಲಿ ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ ಚರ್ಚುಗಳು ಶುರು ಮಾಡಿದ್ದು. ಜಾನಿ ಬಾರ್ನ್ಸ್ ಅದರ ಮೊದಲ ಮುಖ್ಯಸ್ಥ. ಈಗ ಹಲವಾರು ದೇಶಗಳಲ್ಲಿದೆ. ಅಲ್ಲೂ ಪೆಟ್ರೋಲ್, ಬ್ಯಾಡ್ಜ್, ಟೆಂಟ್, ಹುಡುಗ ನಾಯಕರಿಗೇ ಬೇರೆ ತರಬೇತಿ ಕ್ಯಾಂಪ್. ಜೊತೆಗೆ ದಿನಾ ಪ್ರಾರ್ಥನೆ, ಬೈಬಲ್ ಪಾಠ. ನಂಬಿಕೆ ಅಲ್ಲಿ ಪಕ್ಕದ ವಿಷಯ ಅಲ್ಲ, ನಡುಮಧ್ಯದ್ದು.

ಕ್ರೈಸ್ತ ಸಂಸ್ಥೆಗಳು ನಮ್ಮ ಭಾಗಕ್ಕೆ ಹೊಸಬರೇನೂ ಅಲ್ಲ. ಲಂಡನ್ ಮಿಷನ್‌ನವರು ಬೆಳಗಾವಿಗೆ ಬಂದು 200 ವರ್ಷ ದಾಟಿದೆ. ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು. ಅವರ ಶಾಲೆಗಳಲ್ಲಿ ಎಲ್ಲಾ ಜಾತಿ, ಧರ್ಮದ ಮಕ್ಕಳೂ ಓದಿದ್ದಾರೆ.

ಹಾಗಾದ್ರೆ ಬೇರೆ ಧರ್ಮದ ಹುಡುಗ ಇಂಥ ಕ್ಯಾಂಪ್‌ಗೆ ಹೋಗಬಹುದಾ? ಒಂದು ಕ್ರೈಸ್ತ ಕುಟುಂಬ ತನ್ನ ಮಗನನ್ನ ತನ್ನ ನಂಬಿಕೆಯ ಕ್ಯಾಂಪ್‌ಗೆ ಕಳಿಸೋದು ಅದರ ಹಕ್ಕು. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಕೊಟ್ಟ ಹಕ್ಕು ಅದು. ಬೇರೆಯವರ ಮಗ ಹೋಗೋದಾದ್ರೆ ಅಲ್ಲಿ ಏನು ನಡೆಯತ್ತೆ ಅನ್ನೋದು ಮನೆಯವರಿಗೆ ಮೊದಲೇ ಗೊತ್ತಿರಬೇಕು, ಅವರು ಒಪ್ಪಿರಬೇಕು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಶಿಕ್ಷಣ ಸಂಸ್ಥೆ ಆಗಿದ್ರೆ 28ನೇ ವಿಧಿ ಇನ್ನೂ ಸ್ಪಷ್ಟ: ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಚಿಕ್ಕವರಾದ್ರೆ ಪೋಷಕರ ಒಪ್ಪಿಗೆ ಬೇಕು. ಈ ನಿಯಮ ಯಾವುದೇ ಧರ್ಮದವರ ಸಂಸ್ಥೆಗೂ ಒಂದೇ.

ಭಾರತ್ ಸ್ಕೌಟ್ಸ್ ಇದಕ್ಕೆ ಒಂದು ದಾರಿ ಹುಡುಕಿದೆ. ಅವರ ಪ್ರತಿಜ್ಞೆಯಲ್ಲಿ ದೇವರಿಗೆ ಕರ್ತವ್ಯ ಅನ್ನೋ ಮಾತಿದೆ. ಬೇಕಾದವರು ‘ದೇವರು’ ಬದಲು ‘ಧರ್ಮ’ ಅಂತ ಹೇಳಬಹುದು. ಕ್ಯಾಂಪ್‌ನಲ್ಲಿ ಸರ್ವಧರ್ಮ ಪ್ರಾರ್ಥನೆ ಇರತ್ತೆ. ಒಂದು ಮಸೀದಿಯ, ಒಂದು ಬಸದಿಯ, ಒಂದು ಗುಡಿಯ, ಒಂದು ಚರ್ಚಿನ ಹುಡುಗ ಒಂದೇ ಟೆಂಟ್‌ನಲ್ಲಿ ಮಲಗಬಹುದು.

ಪೈಪೋಟಿ ಜಗಳ ಆದಾಗ

ಗುಂಪು ಕಟ್ಟಿದ್ರೆ ನಾಯಕತ್ವ ಬರತ್ತೆ ಅಂದೆವು. ಗುಂಪು ಕಟ್ಟಿದ್ರೆ ಜಗಳನೂ ಬರತ್ತೆ. 1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಮನಶ್ಶಾಸ್ತ್ರಜ್ಞ ಮುಜಫರ್ ಶೆರಿಫ್ ಮತ್ತು ಅವರ ತಂಡ ಒಂದು ಪ್ರಯೋಗ ಮಾಡಿತು. ‘ರಾಬರ್ಸ್ ಕೇವ್’ ಅನ್ನೋ ಜಾಗದ ಸ್ಕೌಟ್ ಕ್ಯಾಂಪ್‌ನಲ್ಲಿ 22 ಹುಡುಗರು, ಎರಡು ಗುಂಪು. ಪಂದ್ಯ, ಬಹುಮಾನ ಇಟ್ಟರು. ಕೆಲವೇ ದಿನದಲ್ಲಿ ಹುಡುಗರು ಇನ್ನೊಂದು ಗುಂಪಿನ ಬಾವುಟ ಸುಟ್ಟರು, ಕೋಣೆಗೆ ನುಗ್ಗಿ ಸಾಮಾನು ಚೆಲ್ಲಾಡಿದರು.

ಸುಮ್ಮನೆ ಜೊತೆಗೆ ಊಟಕ್ಕೆ ಕೂರಿಸಿದ್ರೆ ಸರಿ ಹೋಗಲಿಲ್ಲ, ಅನ್ನ ಎರಚಾಡಿದರು. ಎರಡೂ ಗುಂಪಿಗೆ ಬೇಕಾದ ಕೆಲಸ ಬಂದಾಗ ಮಾತ್ರ ಬದಲಾವಣೆ ಶುರುವಾಯ್ತು. ನೀರಿನ ಟ್ಯಾಂಕ್ ಕೆಟ್ಟಾಗ ಇಬ್ಬರೂ ಸೇರಿ ಹುಡುಕಬೇಕಾಯ್ತು. ಊಟ ತರೋ ಲಾರಿ ನಿಂತಾಗ, ಮೊದಲು ಹಗ್ಗ ಜಗ್ಗಾಟಕ್ಕೆ ಬಳಸಿದ್ದ ಅದೇ ಹಗ್ಗ ಕಟ್ಟಿ, ಎಲ್ಲರೂ ಒಂದೇ ಕಡೆ ನಿಂತು ಎಳೆದರು.

ಆ ಹುಡುಗರಿಗೆ ತಾವು ಪ್ರಯೋಗದಲ್ಲಿದ್ದೀವಿ ಅನ್ನೋದೇ ಗೊತ್ತಿರಲಿಲ್ಲ. ಇವತ್ತು ಹಾಗೆ ಮಾಡೋದು ತಪ್ಪು. ಆದರೆ ಪಾಠ ಉಳೀತು. ದಿನಪೂರ್ತಿ ‘ಯಾರು ಫಸ್ಟ್’ ಅಂತ ನಡೆಯೋ ಕ್ಯಾಂಪ್ ಹುಡುಗರಿಗೆ ಗೆಲ್ಲೋದನ್ನ ಮಾತ್ರ ಕಲಿಸತ್ತೆ. ನಾಯಕತ್ವಕ್ಕೆ ಎಲ್ಲರೂ ಸೇರಿ ಎಳೆಯೋ ಒಂದು ಲಾರಿ ಬೇಕು.

“ರಾತ್ರಿ ಯಾರ್ ನೋಡ್ಕೋತಾರ?”

ಅಪ್ಪನ ಪ್ರಶ್ನೆ ಮೂರರಲ್ಲಿ ದೊಡ್ಡದು. ಹುಡುಗರಿಗೆ ಜವಾಬ್ದಾರಿ ಕೊಡಬೇಕು ಅಂದ್ರೆ ದೊಡ್ಡವರು ಜವಾಬ್ದಾರಿ ಬಿಟ್ಟುಬಿಡಬೇಕು ಅಂತ ಅರ್ಥ ಅಲ್ಲ. ಅನ್ನ ಸೀಯೋದು ಹುಡುಗರ ಪಾಠ. ಯಾರಾದ್ರೂ ಮುಳುಗೋದು ಯಾರ ಪಾಠವೂ ಅಲ್ಲ.

ಮೊದಲು ನೀರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಸಮುದ್ರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಇಂಗ್ಲೆಂಡ್‌ನಲ್ಲಿ 1993ರಲ್ಲಿ ಲೈಮ್ ಬೇ ಅನ್ನೋ ಕಡೆ ಕಯಾಕ್ ತರಬೇತಿಗೆ ಹೋದ ನಾಲ್ವರು ಹದಿಹರೆಯದವರು ಸತ್ತಾಗ, ಎರಡೇ ವರ್ಷದಲ್ಲಿ ಸಾಹಸ ಕೇಂದ್ರಗಳಿಗೆ ಲೈಸೆನ್ಸ್ ಕಡ್ಡಾಯ ಮಾಡೋ ಕಾನೂನು ಬಂತು. ನಮ್ಮ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲ್ಲೂಕುಗಳಿಗೆ ಕೃಷ್ಣೆ ಏನು ಅಂತ 2019ರ ಆಗಸ್ಟ್ ತೋರಿಸಿದೆ. ಹೊಳೆ, ಕಾಲುವೆ, ಕಲ್ಲುಕ್ವಾರಿಯ ಹೊಂಡ ಹತ್ತಿರ ಇದ್ರೆ, “ಯಾರೂ ನೀರಿಗಿಳಿಯಬೇಡಿ” ಅಂತ ಹೇಳಿದ್ರೆ ಸಾಲದು, ಅಲ್ಲಿ ಕಾವಲಿಗೆ ಒಬ್ಬ ದೊಡ್ಡವರು ನಿಂತಿರಬೇಕು.

ಎರಡನೇದು, ಮಾತಾಡೋಕೆ ಹಿಂಜರಿಯೋ ವಿಷಯ. ಲೈಂಗಿಕ ದೌರ್ಜನ್ಯ ಹುಡುಗರ ಮೇಲೂ ನಡೆಯತ್ತೆ. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಹಾಕ್ತು. ಚಿಕ್ಕವರಿದ್ದಾಗ ತಮ್ಮ ಮೇಲೆ ದೌರ್ಜನ್ಯ ಆಯ್ತು ಅಂತ 80,000ಕ್ಕೂ ಹೆಚ್ಚು ಜನ ಮುಂದೆ ಬಂದರು. ಪರಿಹಾರದ ಮೊತ್ತ 240 ಕೋಟಿ ಡಾಲರ್ ದಾಟಿತು. ದಶಕಗಳ ಕಾಲ ಹುಡುಗರು ಬಾಯಿ ಬಿಟ್ಟಿರಲಿಲ್ಲ. “ಗಂಡಸಾಗು, ಸಹಿಸ್ಕೋ” ಅಂತ ಕಲಿಸೋ ಜಾಗದಲ್ಲಿ ದೂರು ಹೇಳೋದು ಎಷ್ಟು ಕಷ್ಟ, ಯೋಚನೆ ಮಾಡಿ.

ಅದರಿಂದ ಬಂದ ಸರಳ ನಿಯಮ ಒಂದಿದೆ: ಯಾವ ದೊಡ್ಡವರೂ ಯಾವ ಹುಡುಗನ ಜೊತೆಗೂ ಒಬ್ಬಂಟಿ ಇರಬಾರದು. ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು, ಎಲ್ಲರಿಗೂ ಕಾಣೋ ಜಾಗ. ದೊಡ್ಡವರ ಟೆಂಟ್ ಬೇರೆ, ಹುಡುಗರದ್ದು ಬೇರೆ. ಭಾರತದಲ್ಲಿ 2012ರ ಪೋಕ್ಸೊ ಕಾಯ್ದೆ 18ರೊಳಗಿನ ಎಲ್ಲರಿಗೂ ಅನ್ವಯ ಆಗತ್ತೆ, ಹುಡುಗರಿಗೂ. ಗೊತ್ತಿದ್ದೂ ದೂರು ಕೊಡದಿದ್ರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ ನಂಬರ್ 1098. ಈಗಲೇ ಫೋನ್‌ನಲ್ಲಿ ಸೇವ್ ಮಾಡ್ಕೊಳ್ಳಿ.

ಹೋಗೋ ಮುಂಚೆ ಕೇಳಬೇಕಾದ ಆರು ಪ್ರಶ್ನೆ

ಇದನ್ನ ಸ್ಕ್ರೀನ್‌ಶಾಟ್ ತಗೊಳ್ಳಿ. ತಮ್ಮನಿಗೋ, ಅಕ್ಕನ ಮಗನಿಗೋ ಬೇಕಾಗಬಹುದು.

1. ಕ್ಯಾಂಪ್ ನಡೆಸೋ ಸಂಸ್ಥೆ ಯಾವುದು? ಉದ್ದೇಶ ಬರವಣಿಗೆಯಲ್ಲಿ ಇದೆಯಾ? ಧಾರ್ಮಿಕ ಭಾಗ ಇದ್ರೆ ಮೊದಲೇ ಹೇಳಿದ್ದಾರಾ?
2. ಎಷ್ಟು ಹುಡುಗರು, ಎಷ್ಟು ಜನ ದೊಡ್ಡವರು? ಅವರ ಹೆಸರು, ಫೋನ್ ನಂಬರ್ ಮನೆಯವರಿಗೆ ಕೊಟ್ಟಿದ್ದಾರಾ?
3. ಹತ್ತಿರದ ಆಸ್ಪತ್ರೆ ಎಷ್ಟು ದೂರ? ರಾತ್ರಿ ಹಾವು ಕಚ್ಚಿದ್ರೆ ಗಾಡಿ ಇದೆಯಾ?
4. ನೀರು, ಎತ್ತರ, ಹಗ್ಗದ ಆಟ ಇದ್ರೆ ಅದನ್ನ ನಡೆಸೋರಿಗೆ ತರಬೇತಿ ಆಗಿದೆಯಾ?
5. ಹುಡುಗ ಬೇಕು ಅಂದಾಗ ಮನೆಗೆ ಫೋನ್ ಮಾಡಬಹುದಾ? “ಕ್ಯಾಂಪ್ ಮುಗಿಯೋವರೆಗೆ ಫೋನೇ ಇಲ್ಲ” ಅಂದ್ರೆ ಯಾಕೆ ಅಂತ ಕೇಳಿ.
6. ಹುಡುಗರು ತಾವೇ ಏನು ನಿರ್ಧಾರ ಮಾಡ್ತಾರೆ? ಇದಕ್ಕೆ ಉತ್ತರ “ಏನಿಲ್ಲ” ಅಂತಾದ್ರೆ ಅದು ಬರೀ ಪಿಕ್‌ನಿಕ್.

ನಮ್ಮೂರ ಹತ್ತಿರ ಏನಿದೆ?

ದೊಡ್ಡ ದುಡ್ಡು ಬೇಕಾಗಿಲ್ಲ. 10ರಿಂದ 17 ವರ್ಷದವರಿಗೆ ಸ್ಕೌಟ್ಸ್ ಮತ್ತು ಗೈಡ್ಸ್ ಇದೆ. ಪ್ರವೇಶದಿಂದ ಪ್ರಥಮ, ದ್ವಿತೀಯ, ತೃತೀಯ ಸೋಪಾನ ದಾಟಿ ರಾಜ್ಯ ಪುರಸ್ಕಾರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬಹುದು. ದಾವಣಗೆರೆ ಹತ್ತಿರದ ಕೊಂಡಜ್ಜಿಯಲ್ಲಿ ದೊಡ್ಡ ಶಿಬಿರ ಕೇಂದ್ರ ಇದೆ. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆದಾಗ ಹತ್ತಾರು ಸಾವಿರ ಮಕ್ಕಳು ಸೇರಿದ್ದರು. ಶಾಲೆಯಲ್ಲಿ ಎನ್‌ಸಿಸಿ ಇದ್ರೆ ಅದೂ ಒಂದು ದಾರಿ. ಕಾಲೇಜಿಗೆ ಬಂದವರಿಗೆ 1969ರಿಂದ ಎನ್‌ಎಸ್‌ಎಸ್ ಇದೆ, ಹಳ್ಳಿಯಲ್ಲಿ ಏಳು ದಿನದ ಶಿಬಿರ ಅದರ ಜೀವಾಳ. ಜೊತೆಗೆ ಭಾರತ ಸೇವಾದಳ.

ಯಾವುದೂ ಇಲ್ಲ ಅಂದ್ರೂ ಕೆಲಸ ಇದೆ. ಕೊಕಟನೂರ ಯಲ್ಲಮ್ಮನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯಿಂದ ಜನ ಬರ್ತಾರೆ. ಆರು ಹುಡುಗರ ಒಂದು ಗುಂಪು, ಒಬ್ಬ ನಾಯಕ, ಜೊತೆಗೆ ಇಬ್ಬರು ಮಾಸ್ತರರು. ಒಂದು ಕೊಡ ಕುಡಿಯೋ ನೀರು, ತಪ್ಪಿಸಿಕೊಂಡ ಮಕ್ಕಳಿಗೆ ಒಂದು ಜಾಗ, ಒಂದು ಪ್ರಥಮ ಚಿಕಿತ್ಸೆ ಡಬ್ಬಿ. ದಿನದ ಕೊನೆಗೆ ಕೂತು ಏನಾಯ್ತು ಅಂತ ಮಾತಾಡೋದು. ಇದೇ ಪೆಟ್ರೋಲ್ ಪದ್ಧತಿ. ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರು ಮಾಡಿದ್ದೂ ಬಹುಪಾಲು ಇಂಥದ್ದೇ ಕೆಲಸ.

1909ರಲ್ಲಿ ಬೆಂಗಳೂರಲ್ಲಿ ಭಾರತೀಯ ಹುಡುಗನಿಗೆ ಈ ಜವಾಬ್ದಾರಿ ಕೊಡೋಕೆ ಆಳೋರು ಒಪ್ಪಲಿಲ್ಲ. ಇವತ್ತು ಕಾನೂನಿನ ಅಡ್ಡಿ ಇಲ್ಲ. ಆದ್ರೂ ಎಷ್ಟೋ ಸಲ “ಅವಂಗೇನ್ ತಿಳೀತದ, ಸಣ್ಣವ ಅದಾನ” ಅಂತ ನಾವೇ ತಡೀತೀವಿ. ಹಳ್ಳಿ ಹುಡುಗ, ಬಡವರ ಹುಡುಗ, ಹಿಂದಿನ ಬೆಂಚಿನ ಹುಡುಗ ಅಂದ್ರೆ ಇನ್ನೂ ಜಾಸ್ತಿ. ಅವನ ಕೈಗೆ ಒಂದು ಒಲೆ, ಐದು ಜನ ಜೊತೆಗಾರರು, ಒಂದು ಗಂಟೆಯ ಗಡುವು ಕೊಟ್ಟು ನೋಡಿ. ಅನ್ನ ಮೊದಲನೇ ಸಲ ಸೀಯಬಹುದು.

ನಿಮ್ಮ ಶಾಲೆಯಲ್ಲಿ ಸ್ಕೌಟ್ಸ್, ಸೇವಾದಳ ಇತ್ತಾ? ನೀವು ಯಾವ ಕ್ಯಾಂಪ್‌ಗೆ ಹೋಗಿದ್ರಿ, ಅಲ್ಲಿ ನಿಮ್ಮ ಪಾಲಿಗೆ ಯಾವ ಕೆಲಸ ಬಂದಿತ್ತು? ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ.